ಇಂದ್ರವ್ವನ ಪರವಾನಗಿ

ಸವದತ್ತಿಯ ಹತ್ತಿರ, ಮಲಪ್ರಭೆಯ ಹಿನ್ನೀರಿನ ದಂಡೆಯಲ್ಲಿ ಇಂದ್ರವ್ವ ಗಾಳಕ್ಕೆ ಚುಚ್ಚುವ ಸಣ್ಣ ಮೀನು ಮಾರುತ್ತಾಳೆ. ಬೈಲಹೊಂಗಲದಿಂದ ಬೈಕ್ ಹತ್ತಿ ಬರುವ ನನ್ನಂಥ ರವಿವಾರದ ಶೂರರೇ ಅವಳ ಗಿರಾಕಿಗಳು. ನಾವು ಹಿಡಿಯುವ ಮೀನಿಗಿಂತ ಅವಳಿಂದ ಕೊಳ್ಳುವ ಮೀನೇ ಹೆಚ್ಚು. ಇದನ್ನು ಮನೆಯಲ್ಲಿ ಹೇಳುವುದಿಲ್ಲ.

ಅವಳು ಮೀನು ಹಿಡಿಯುತ್ತಿದ್ದದ್ದು ಹಳೆಯ ಸೀರೆಯಲ್ಲಿ. ಸೀರೆಗೆ ಎರಡು ತುದಿ, ಹಾಗಾಗಿ ಇಬ್ಬರು ಬೇಕು. ಇನ್ನೊಂದು ತುದಿಗೆ ನೆಗೆಣ್ಣಿ, ಅಂದರೆ ಓರಗಿತ್ತಿ, ಯಲ್ಲವ್ವ. ಮನೆ ಪಾಲಾದಾಗ ಬೀಸುಕಲ್ಲಿಗಾಗಿ ಜಗಳವಾಡಿ ಹನ್ನೊಂದು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಆ ಕಲ್ಲಿನಲ್ಲಿ ಈಗ ಯಾರೂ ಬೀಸುವುದಿಲ್ಲ, ಊರಲ್ಲಿ ಗಿರಣಿ ಇದೆ. ನೀರಿಗಿಳಿದಾಗ "ಎಡಕ್ಕ ಸರದ್ರ ಛಲೋ ಇತ್ತು" ಎಂದು ಇಂದ್ರವ್ವ ಗಾಳಿಗೆ ಹೇಳುವಳು. ಯಲ್ಲವ್ವ ಎಡಕ್ಕೆ ಸರಿಯುವಳು. ಇಂಥ ಹಟಮಾರಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಳೆದ ವರ್ಷ ಹೊಸ ನಿಯಮ ಬಂತು. ಸೀರೆಯಲ್ಲಿ ದೊಡ್ಡ ಮೀನಿನ ಮರಿಗಳೂ ಬಳಿದುಕೊಂಡು ಬರುತ್ತವೆ, ಆದ್ದರಿಂದ ಬಟ್ಟೆ ಬಂದ್. ಗಾಳದ ಮೀನು ಮಾರುವವರು ಪರವಾನಗಿ ಪಡೆದು ಕೈಬಲೆಯಲ್ಲೇ ಹಿಡಿಯಬೇಕು. ಕೈಬಲೆಗೆ ಒಬ್ಬರೇ ಸಾಕು. ಇಂದ್ರವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಇನ್ನ ಯಾರ ಹಂಗೂ ಇಲ್ಲರಿ," ಎಂದು ಅರ್ಜಿ ಬರೆಯಲು ನನ್ನನ್ನೇ ಎಳೆದುಕೊಂಡು ಹೋದಳು.

ದಂಡೆಯಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಅಧಿಕಾರಿ ನಿಜಗುಣಪ್ಪ ಕೇಳಿದರು: "ಈಜು ಬರತೈತೇನವ್ವಾ?"

"ಮೀನಾನ ನನ್ನ ನೋಡಿ ಕಲತಾವರಿ," ಎಂದಳು ಇಂದ್ರವ್ವ.

ಸರದಿಯಲ್ಲಿ ಹಿಂದೆ ನಿಂತಿದ್ದ ಯಲ್ಲವ್ವ ಬಾಯಿ ತೆರೆದಳು. "ಸುಳ್ಳರಿ ಸಾಹೇಬ್ರ. ನಡದ ಮಟಾ ನೀರ ಬಂದ್ರ ದೇವರ ಹೆಸರ ಹೇಳತಾಳ. ಇಷ್ಟ ದಿನಾ ಆಳದ ಕಡೆ ನಾನ ಇಳದೇನಿ."

ಸಾಹೇಬರು ಪೆನ್ನು ಕೆಳಗಿಟ್ಟರು. "ಈಜು ಬರದವರಿಗೆ ಪರವಾನಗಿ ಕೊಡಾಕ ಬರೂದಿಲ್ಲವ್ವಾ."

ಇಂದ್ರವ್ವನ ಮುಖ ಕಪ್ಪಿಟ್ಟಿತು. ಅವಳಿಗೆ ಬೇರೆ ದುಡಿಮೆ ಇಲ್ಲ. ನನಗೆ ಯಲ್ಲವ್ವನ ಮೇಲೆ ಕೆಂಡದಂಥ ಸಿಟ್ಟು ಬಂತು.

"ನೋಡ್ರಿ ಸಾಹೇಬ್ರ," ಎಂದಳು ಇಂದ್ರವ್ವ, "ಹನ್ನೊಂದು ವರ್ಷ ಮೂಕಿ ಇದ್ದಾಕಿ, ಬಾಯಿ ತಗದದ್ದು ನನ್ನ ಅನ್ನಕ್ಕ ಕಲ್ಲ ಹಾಕಾಕ."

ಯಲ್ಲವ್ವ ತನ್ನ ಅರ್ಜಿಯನ್ನು ಮೇಜಿನ ಮೇಲಿಟ್ಟಳು. "ನನಗ ಈಜು ಬರತೈತ್ರಿ. ಇದರಾಗ ಆಕಿ ಹೆಸರೂ ಬರೀರಿ. ಬಲಿ ಆಕಿ ಹಿಡೀಲಿ, ಆಕಿ ರಟ್ಟಿ ನಾ ಹಿಡಿತೇನಿ."

ಸಾಹೇಬರು ನಿಯಮದ ಹಾಳೆಯನ್ನು ಹಿಂದೆ ಮುಂದೆ ತಿರುವಿದರು. ಹಾಗೆ ಬರೆಯಬಾರದೆಂದು ಎಲ್ಲೂ ಇರಲಿಲ್ಲ. ಒಂದೇ ಗೆರೆಯಲ್ಲಿ ಎರಡು ಹೆಸರು ಒತ್ತೊತ್ತಾಗಿ ಬರೆದರು.

ಇಂದ್ರವ್ವ ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ತಲೆಗೆ ಒರೆಸಿಕೊಂಡು, ನೆಗೆಣ್ಣಿಯ ಕಡೆ ತಿರುಗಿದಳು.

"ಗಟ್ಟ್ಯಾಗಿ ಹಿಡಿಬೇಕ ನೋಡ ಮತ್ತ," ಎಂದಳು.