ಆಪಾ ಸಹಿ ಹಾಕಿದ ಶೀಟು

ಆಪಾ ಅವರ ಬಲಗೈ ತೋರುಬೆರಳಿನ ಉಗುರಿನ ತುದಿಯಲ್ಲಿ ಮದರಂಗಿಯ ಕೆಂಪು ಸದಾ ಉಳಿದಿರುತ್ತಿತ್ತು. ಆ ಬೆರಳು ಕಂಪ್ಯೂಟರ್ ಪರದೆಯ ಯಾವುದೋ ಅಂಕಿಯ ಹತ್ತಿರ ಬಂದು ನಿಂತಿತೆಂದರೆ ಅಲ್ಲೇನೋ ತಪ್ಪಿದೆ ಎಂದೇ ಅರ್ಥ.

ಕೆ.ಆರ್. ಪುರದ ಬೇಕರಿ ಕಾರ್ಖಾನೆಯೊಂದರಲ್ಲಿ ನನ್ನ ಮೊದಲ ಕೆಲಸ. ಮುಂದಿನ ಮೂರು ತಿಂಗಳಿಗೆ ಎಷ್ಟು ಬನ್ನು, ಬ್ರೆಡ್ಡು ಬೇಕು, ಯಾವ ಪಾಳಿಗೆ ಎಷ್ಟು ಜನ ಬೇಕು ಎಂದು ನಾನು ಎಕ್ಸೆಲ್ ಶೀಟಿನಲ್ಲಿ ಅಂದಾಜು ಮಾಡಬೇಕಿತ್ತು. ಅದನ್ನು ಪರೀಕ್ಷಿಸಿ ಸಹಿ ಹಾಕುವುದು ಆಪಾ. ಶಿವಾಜಿನಗರದಿಂದ ಬರುತ್ತಿದ್ದ ಅವರನ್ನು ಗೇಟಿನ ಕಾವಲುಗಾರನಿಂದ ಹಿಡಿದು ಎಲ್ಲರೂ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು.

"ಅರೆ ಬೇಟಾ, ಇದ್ರಲ್ಲಿ ಯಾವ್ದು ನೀನು ಟೈಪ್ ಮಾಡಿದ್ದು, ಯಾವ್ದು ಶೀಟೇ ಲೆಕ್ಕ ಹಾಕಿದ್ದು? ನಾಳೆ ನೀನು ರಜಾ ಹಾಕಿದ್ರೆ ಯಾರನ್ನ ಕೇಳ್ಲಿ?" ಎಂದು ಮೊದಲ ದಿನವೇ ಕೇಳಿದರು. ಅಂದಿನಿಂದ ಕೈಯಿಂದ ಹಾಕಿದ ಅಂಕಿಗೆ ನೀಲಿ ಬಣ್ಣ, ಶೀಟೇ ಲೆಕ್ಕ ಹಾಕುವ ಫಾರ್ಮುಲಾಗೆ ಕಪ್ಪು. ಪ್ರತಿ ಊಹೆಯ ಪಕ್ಕದಲ್ಲಿ ಅದು ಎಲ್ಲಿಂದ ಬಂತೆಂಬ ಒಂದು ಸಾಲು. ಆಮೇಲೆ ಶೀಟು ಸರಿಯಿದೆಯೇ ಎಂದು ನೋಡಲು ಆರ್ಡರ್ ಜಾಗದಲ್ಲೆಲ್ಲ ಸೊನ್ನೆ ಹಾಕಿಸಿದರು. ಆದರೂ ನನ್ನ ಶೀಟು ನಲವತ್ತು ಮೂಟೆ ಮೈದಾ ಕೇಳಿತು. "ಯಾರಿಗಮ್ಮಾ ಇಷ್ಟೊಂದು ಬನ್ನು?" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ಬಂದಿರುವ ವಿದ್ಯೆಯೆಲ್ಲ ಅವರು ಹೀಗೆ ಕಲಿಸಿದ್ದೇ.

ಒಂದು ಸೋಮವಾರ ಅವರು ಸಹಿ ಹಾಕಿ ಊಟಕ್ಕೆ ಹೋಗಿದ್ದರು. ಮೀಟಿಂಗಿಗೆ ಹತ್ತು ನಿಮಿಷವಿದೆ ಎನ್ನುವಾಗ ಮ್ಯಾನೇಜರ್ ಬಂದು, ಮಾರತ್ತಹಳ್ಳಿಯ ಕ್ಯಾಂಟೀನುಗಳ ಆರ್ಡರ್ ಈ ತಿಂಗಳು ಕಡಿಮೆ ಎಂದರು. ನಾನು ಅವಸರದಲ್ಲಿ ಒಂದು ಫಾರ್ಮುಲಾ ಅಳಿಸಿ ಆ ಜಾಗದಲ್ಲಿ ಅಂಕಿ ಟೈಪ್ ಮಾಡಿದೆ. ಬಣ್ಣ ಬದಲಿಸಲಿಲ್ಲ. ಆಪಾಗೂ ಹೇಳಲಿಲ್ಲ. ಒಂದು ತಿಂಗಳಿಗೆಂದು ಹಾಕಿದ ಅಂಕಿ ಮೂರು ತಿಂಗಳ ಲೆಕ್ಕಕ್ಕೂ ಹೋಯಿತು. ಅದನ್ನು ನಂಬಿ ಮಾಲೀಕರು ಎರಡನೇ ಪಾಳಿ ನಿಲ್ಲಿಸಿದರು. ಪ್ಯಾಕಿಂಗಿನ ಒಂಬತ್ತು ಹೆಂಗಸರ ಕೆಲಸ ಹೋಯಿತು.

ಮರುತಿಂಗಳು ಆರ್ಡರ್ ಎಂದಿನಷ್ಟೇ ಬಂದಾಗ ಆಪಾ ಫೈಲು ತೆಗೆದು ಫಾರ್ಮುಲಾ ಜಾಗದಲ್ಲಿದ್ದ ಆ ಕಪ್ಪು ಅಂಕಿಯನ್ನು ಕಂಡುಹಿಡಿದರು. ತಾವು ಸಹಿ ಹಾಕುವಾಗಲೇ ಅದು ಅಲ್ಲಿತ್ತು ಎಂದುಕೊಂಡರು. ನೇರ ಮಾಲೀಕರ ಮುಂದೆ ಹೋಗಿ, "ನಾನು ನೋಡಿ ಸಹಿ ಹಾಕಿದ್ದು ಸಾರ್. ನನ್ನ ಕಣ್ಣು ತಪ್ತು," ಎಂದರು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಬಾಯಿ ತೆರೆದೆ.

"ನೀರು ಕುಡೀತೀರಾ ಆಪಾ?" ಎಂದೆ.

ಪಾಳಿ ಮತ್ತೆ ಶುರುವಾಯಿತು. ಆಪಾ ಆ ಹೆಂಗಸರ ಮನೆಮನೆಗೆ ಹೋಗಿ ಕರೆದರು. ಆರು ಮಂದಿ ಬಂದರು, ಮೂವರು ಬರಲಿಲ್ಲ. ಆ ತಿಂಗಳ ಕೊನೆಗೆ ಆಪಾ ಕೂಡ ಕೆಲಸ ಬಿಟ್ಟರು. "ಸಹಿ ಹಾಕೋ ಧೈರ್ಯ ಬರ್ತಿಲ್ಲ ಬೇಟಾ," ಎಂದರು. ಅವರ ಜಾಗಕ್ಕೆ ನನ್ನನ್ನು ಹಾಕಿದರು.

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ತಿಳಿದು ಮನೆಗೆ ಹೋದೆ. ಅವರ ಮಗಳು ಚಹಾ ಕೊಟ್ಟು ಹೇಳಿದಳು: "ಅಮ್ಮಿ ಮೂರು ಸಲ ಕಣ್ಣು ಟೆಸ್ಟ್ ಮಾಡಿಸಿದ್ರು. ಡಾಕ್ಟ್ರು ಏನೂ ಇಲ್ಲ ಅಂದ್ರೂ ನಂಬ್ಲಿಲ್ಲ. ಕರೆಂಟ್ ಬಿಲ್ ಕೂಡ ನನ್ನ ಹತ್ರಾನೇ ಓದಿಸ್ತಿದ್ರು."

ಆಗ ಎಲ್ಲವನ್ನೂ ಹೇಳಿದೆ.

"ಹಾಗಾದ್ರೆ ಅಮ್ಮಿ ಸರಿಯಾಗೇ ನೋಡಿದ್ರು?"

"ಹೌದು."

"ಈ ಒಂದು ಮಾತು ಅವ್ರು ಇದ್ದಾಗ ಬಂದು ಹೇಳ್ಬಾರ್ದಿತ್ತಾ ನೀವು?"