ಡಬ್ಬಿಗಳು ನನ್ನವು

ನಾನು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಆದರೆ ಪುಟ್ಟ ರೈಲು ಡಬ್ಬಿಗಳನ್ನು ಕೂಡಿಸತೊಡಗಿದ್ದು ಮಗಳ ಮದುವೆಯಾದ ಮೇಲೆ. ದುರ್ಗದಬೈಲಿನ ಆಟಿಕೆ ಅಂಗಡಿಯ ಚಾಚಾ ಮುಂಬೈಯಿಂದ ತರಿಸಿಕೊಡುತ್ತಿದ್ದರು. ಅದರಲ್ಲೊಂದು ಡಬ್ಬಿಯ ಮೈಮೇಲೆ ಎರಡು ಗಡಿಯಾರಗಳ ಚಿತ್ರವಿದೆ. ಒಂದು, ಹಿಂದೆ ರೈಲುಗಳು ಅನುಸರಿಸುತ್ತಿದ್ದ ಮದ್ರಾಸ್ ವೇಳೆ. ಇನ್ನೊಂದು, ಅದಕ್ಕಿಂತ ಅರ್ಧ ತಾಸು ಹಿಂದಿನ ಮುಂಬೈ ವೇಳೆ. ದೇಶಕ್ಕೆಲ್ಲ ಒಂದೇ ವೇಳೆ ಬಂದ ಮೇಲೂ ಮುಂಬೈಯವರು ಎಷ್ಟೋ ವರ್ಷ ತಮ್ಮದನ್ನು ಬಿಟ್ಟುಕೊಡಲಿಲ್ಲವಂತೆ. ಆ ಹಟ ನನಗೆ ಹಿಡಿಸಿತ್ತು.

ಹೋದ ವರ್ಷ ನಮ್ಮೂರಲ್ಲಿ ಹವ್ಯಾಸಿ ಸಂಗ್ರಾಹಕರ ಪ್ರದರ್ಶನ ನಡೆಯಿತು. ನಾನೇ ಫೋನ್ ಮಾಡಿ ಒಂದು ಟೇಬಲ್ ಕೇಳಿಕೊಂಡೆ. ನನ್ನ ಹೆಸರಿನ ಜೊತೆ ಗಂಡನ ಹೆಸರನ್ನೂ ಕೇಳಿ ಬರೆದುಕೊಂಡರು. ಆ ಮುಂಜಾನೆ ಗಂಡನೂ ನಾನೂ ಡಬ್ಬಿಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ, ಬೆಂಗೇರಿಯ ಮನೆಯಿಂದ ಆಟೋದಲ್ಲಿ ಒಯ್ದೆವು. ನೋಡಿದರೆ, ಟೇಬಲ್ಲಿನ ಮೇಲಿದ್ದ ಚೀಟಿಯಲ್ಲಿ ಗಂಡನ ಹೆಸರು.

"ಇದನ್ನ ಬದಲ್ ಮಾಡ್ರಿ. ಡಬ್ಬಿ ನನ್ನವು," ಅಂದೆ.

ಸಂಘಟಕರು ನಕ್ಕರು. "ಅಕ್ಕಾರ, ಮನಿ ಒಂದ. ಯಾರ ಹೆಸರಾದ್ರೇನ್ರಿ?"

"ಹಂಗಾದ್ರ ಬಾಗಿಲಾಗಿನ ಬ್ಯಾನರಿನ್ಯಾಗ ನಿಮ್ಮ ಹೆಸರು ತಗದು ನಿಮ್ಮ ಮನಿಯವರ ಹೆಸರು ಹಾಕಸ್ರಿ."

ನಗು ನಿಂತಿತು. ಬೇಕಿದ್ದರೆ ಕಸೂತಿ, ರಂಗೋಲಿ ಹೆಣ್ಣುಮಕ್ಕಳ ಸಾಲಿನಲ್ಲಿ ಜಾಗ ಕೊಡುತ್ತೇನೆ ಎಂದರು. ಕಸೂತಿ ನನಗೂ ಬರುತ್ತದೆ. ಆದರೆ ಅಂದು ನಾನು ತಂದದ್ದು ರೈಲು. ಅಲ್ಲಿಂದ ಕದಲಲಿಲ್ಲ. ಚೀಟಿ ಮಗುಚಿ, ಹಿಂಬದಿಯಲ್ಲಿ ನನ್ನ ಹೆಸರನ್ನು ದಪ್ಪಕ್ಷರದಲ್ಲಿ ಬರೆದಿಟ್ಟೆ.

ಆದರೂ ಮುಖ್ಯ ಅತಿಥಿ ಬಂದವರೇ ನನ್ನ ಗಂಡನ ಕೈ ಕುಲುಕಿ, ಭಾಳ ಛಲೋ ಸಂಗ್ರಹ ಎಂದು ಹೊಗಳಿದರು. ಗಂಡ ತೊದಲಿದರು: "ಅದು... ಇಬ್ರೂ ಕೂಡಿ..."

"ಇಬ್ರಲ್ರಿ. ನಾ ಒಬ್ಬಾಕಿ," ಅಂದೆ.

ಸಂಜೆ ಮೈಕಿನಲ್ಲಿ ಮತ್ತೆ ಗಂಡನ ಹೆಸರನ್ನೇ ಕೂಗಿದರು. ಅವರು ಏಳಲಿಲ್ಲ. "ನೀ ಹೋಗು," ಎಂದರು. ಹೋದೆ. ವೇದಿಕೆಯಲ್ಲಿ ಕೊಟ್ಟ ಪ್ರಮಾಣಪತ್ರದಲ್ಲೂ ಅದೇ ಹೆಸರು!

"ತಿದ್ದಿ ಕೊಡ್ರಿ. ಇಲ್ಲಾಂದ್ರ ನಿಮ್ಮ ಹತ್ರಾನ ಇರ್ಲಿ."

ಅವರು ತಿದ್ದಲಿಲ್ಲ, ನಾನು ತೆಗೆದುಕೊಳ್ಳಲಿಲ್ಲ. ಕೆಳಗಿಳಿದು ಬರುವಾಗ ಕಸೂತಿ ಸಾಲಿನ ಹೆಣ್ಣುಮಗಳೊಬ್ಬಳು ಸೆರಗು ಜಗ್ಗಿದಳು. "ಅಕ್ಕಾರ, ನನ್ನ ಚೀಟ್ಯಾಗ ಮಾವನ ಹೆಸರೈತ್ರಿ. ಪೆನ್ ಕೊಡ್ತೀರೇನ್ರಿ?"

ಕೊಟ್ಟೆ.

ಮನೆಗೆ ಹೋಗುವಾಗ ಆಟೋದಲ್ಲಿ ಗಂಡ ಮೆಲ್ಲಗೆ ಹೇಳಿದರು: "ಖರೇ ಹೇಳ್ತೇನಿ, ನನ್ನ ಹೆಸರು ಕೂಗಿದಾಗ ಒಂದ್ ಗಳಿಗಿ ಖುಷಿ ಆತು."

ಸಿಟ್ಟು ಬರಬೇಕಿತ್ತು, ನಗು ಬಂತು. "ಖುಷಿ ಪಡ್ರಿ. ಆದ್ರ ಇಕಿ ಗಂಡ ಅಂತ ಹೇಳ್ಕೊಂಡು ಪಡ್ರಿ."

ಈ ವರ್ಷದ ಪ್ರದರ್ಶನಕ್ಕೆ ನನ್ನನ್ನು ಯಾರೂ ಕರೆದಿಲ್ಲ. ಆ ಅಕ್ಕ ಜಗಳಗಂಟಿ ಎಂದು ಸಂಘಟಕರು ಆಡಿಕೊಂಡದ್ದು ಕಿವಿಗೆ ಬಿದ್ದಿದೆ. ನಿನ್ನೆ ಫೋನ್ ಹಚ್ಚಿ, "ಟೇಬಲ್ ಬೇಕ್ರಿ, ಹೆಸರು ಬರ್ಕೊಳ್ರಿ," ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. "ನೋಡೋಣ್ರಿ," ಎಂದರು. ಅವರು ನೋಡುತ್ತಾ ಇರಲಿ. ನಾನಂತೂ ಹೋಗುವವಳೇ.