ವಾಲ್ವ್ ಕಿತ್ತಿಟ್ಟ ಮೀಟರು

ದೆವ್ವ, ಶಕುನ, ಮುನ್ಸೂಚನೆ ಎಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೂವತ್ತು ವರ್ಷ ಶಿವಮೊಗ್ಗದ ಒಂದು ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿ ದುಡಿದವನು ನಾನು. ಯಾರಾದರೂ ಅಂಥ ಕಥೆ ತೆಗೆದರೆ, ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿದೆ ಅಷ್ಟೇ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಇದನ್ನು ಬರೆಯುತ್ತಿದ್ದೇನೆ. ನೀವು ನಕ್ಕರೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಲ್ಯಾಬಿನ ಹಳೆಯ ಉಪಕರಣಗಳನ್ನು ಗುಜರಿಗೆ ಹಾಕುವ ಮೊದಲು ಯಾವುದು ನಡೆಯುತ್ತದೆ, ಯಾವುದು ಇಲ್ಲ ಎಂದು ನೋಡಬೇಕಿತ್ತು. ಸಹಾಯಕ್ಕೆ ಭದ್ರಾವತಿಯಿಂದ ಸೆಲ್ವರಾಜ ಬಂದಿದ್ದ. ಕಾರ್ಖಾನೆಯಲ್ಲಿ ಮೀಟರು ರಿಪೇರಿ ಮಾಡುತ್ತಿದ್ದವನು, ನನ್ನ ಇಪ್ಪತ್ತು ವರ್ಷದ ಗೆಳೆಯ. ಆದರೂ ನನ್ನನ್ನು ಸಾರ್ ಅನ್ನುವುದನ್ನು ಬಿಟ್ಟವನಲ್ಲ.

ಮಧ್ಯಾಹ್ನ ಊಟ ಮುಗಿಸಿ ಇಬ್ಬರೂ ಒಂದೇ ಮೇಜಿಗೆ ಕೂತೆವು. ನನ್ನ ಮುಂದೆ ವಾಲ್ವ್ ವೋಲ್ಟ್‌ಮೀಟರ್. ಹಳೇ ರೇಡಿಯೋದ ಹಾಗೆ ಒಳಗಿನ ಗಾಜಿನ ವಾಲ್ವ್ ಕಾದ ಮೇಲೆಯೇ ಕೆಲಸ ಮಾಡುವ ಪೆಟ್ಟಿಗೆ ಅದು. ಅದರ ವಾಲ್ವ್‌ಗಳನ್ನು ಬೆಳಿಗ್ಗೆ ನಾನೇ ಕಿತ್ತಿಟ್ಟಿದ್ದೆ, ವೈರನ್ನೂ ಸುತ್ತಿಟ್ಟಿದ್ದೆ. ಸೆಲ್ವನ ಮುಂದೆ ಹೈ ವೋಲ್ಟೇಜ್ ಪವರ್ ಸಪ್ಲೈ. ಅದನ್ನು ಬೆಳಿಗ್ಗೆ ಒಮ್ಮೆ ಹಾಕಿ ನೋಡಿ ಪ್ಲಗ್ ತೆಗೆದಿದ್ದೆವು. ಪ್ಲಗ್ ತೆಗೆದರೂ ಕಂಡೆನ್ಸರಿನಲ್ಲಿ ಕರೆಂಟು ಕೂತಿರುತ್ತದೆ. ಅವನು ಸ್ಕ್ರೂಡ್ರೈವರ್ ತಾಗಿಸಿ ಅದನ್ನು ಖಾಲಿ ಮಾಡಿದ. ಚಟ್ಟೆಂದು ಕಿಡಿ ಹಾರಿತು.

ನಾನು ಮೀಟರಿನ ಗಾಜು ಒರೆಸುತ್ತಿದ್ದೆ. ಮುಳ್ಳು ಎದ್ದು ಕೊನೆಯವರೆಗೂ ಹೋಗಿ ನಿಂತಿತು.

"ಏನ್ ಸಾರ್, ಪ್ರಾಣ ಬಂತಾ ಅದಕ್ಕೆ?" ಎಂದ ಸೆಲ್ವ.

"ಬಟ್ಟೆ ಉಜ್ಜಿದ್ನಲ್ಲ ಮಾರಾಯ, ಸ್ಟ್ಯಾಟಿಕ್ಕು," ಎಂದೆ.

ಒಣಬಟ್ಟೆಯಿಂದ ಗಾಜು ಉಜ್ಜಿದರೆ ಮುಳ್ಳು ಹಾಗೆ ಏಳುವುದು ನಮ್ಮ ಕಸುಬಿನವರಿಗೆಲ್ಲ ಗೊತ್ತಿದ್ದದ್ದೇ. ಬಾಯಿಂದ ಹಬೆ ಊದಿದರೆ ಇಳಿಯುತ್ತದೆ. ಊದಿದೆ. ಇಳಿಯಲಿಲ್ಲ. ಒದ್ದೆ ಬಟ್ಟೆ ಹಾಕಿದೆ. ಮುಳ್ಳು ಅಲ್ಲೇ ಗಡಗಡ ನಡುಗುತ್ತಿತ್ತು. "ಸೆಲ್ವ, ಕೈ ತೆಗಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೆಟ್ಟ ಮೀಟರು ನೋಡಿ ಸಾರ್ ಹೆದರಿದರು ಎಂದು ಇವನು ಭದ್ರಾವತಿಯೆಲ್ಲ ಹೇಳಿಕೊಂಡು ನಗುತ್ತಾನೆ ಅನ್ನಿಸಿ ನುಂಗಿಕೊಂಡೆ. ಅವನು ಪೆಟ್ಟಿಗೆ ಮಗುಚಿ ತಳಕ್ಕೆ ಕೈ ಹಾಕಿದ.

ತಳದಲ್ಲಿ ಖಾಲಿ ಮಾಡದ ಇನ್ನೊಂದು ಕಂಡೆನ್ಸರ್ ಇತ್ತು. ಆಸ್ಪತ್ರೆ ತಲುಪುವಷ್ಟರಲ್ಲಿ ಸೆಲ್ವ ಹೋಗಿಬಿಟ್ಟಿದ್ದ.

ಆಮೇಲೆ ಆ ಮೀಟರನ್ನು ಬಿಚ್ಚಿದೆ. ಮುಳ್ಳು ತಿರುಗಿಸುವ ಸುರುಳಿಯ ತಂತಿಯೇ ತುಂಡಾಗಿತ್ತು, ಕರೆಂಟಿನಿಂದ ಅದು ಏಳುವ ಹಾಗೇ ಇರಲಿಲ್ಲ. ಗಾಜು ಉಜ್ಜಿದರೆ ಮುಳ್ಳು ಏಳುತ್ತದೆ ನಿಜ, ಹಬೆ ಊದಿದೊಡನೆ ಇಳಿಯುತ್ತದೆ. ನೂರು ಸಲ ಮಾಡಿ ನೋಡಿದ್ದೇನೆ. ಅವತ್ತು ಯಾಕೆ ಇಳಿಯಲಿಲ್ಲವೋ ನಾನು ಕಲಿತ ವಿದ್ಯೆಯಲ್ಲಿ ಉತ್ತರವಿಲ್ಲ.

ತಿಂಗಳು ಕಳೆದ ಮೇಲೆ ಭದ್ರಾವತಿಗೆ ಹೋಗಿ ಅವನ ಹೆಂಡತಿ ಕಲಾಳನ್ನು ಕಂಡೆ. ಆಕೆ ಕಾಫಿ ಕೊಟ್ಟು ಎದುರಿಗೆ ಕೂತಳು.

"ಮೊದ್ಲು ಏನೂ ಗೊತ್ತಾಗ್ಲಿಲ್ವಾ ಸಾರ್?"

"ಇಲ್ಲಮ್ಮ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಆಗೋಯ್ತು."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೀವು ಪಕ್ಕದಲ್ಲೇ ಇದ್ರಲ್ಲ ಸಾರ್," ಎಂದಳು, "ನಂಗೆ ಅದೊಂದೇ ಸಮಾಧಾನ."